ಬಾಲ್ಕನಿ, ಟೆರೇಸಿನ ಒಂದು ಮೂಲೆ ಇಷ್ಟೇ ಇರೋರು ತರಕಾರಿ ಬೆಳೆಯೋದು ಹೇಗೆ (ಬೆಂಗಳೂರಿನ ಬಾಡಿಗೆ ಮನೆಯವರಿಗೆ)

ನಾಲ್ಕಡಿ ಎಂಟಡಿ ಬಾಲ್ಕನಿಲಿ ಇಡೀ ಮನೆಗೆ ವರ್ಷಪೂರ್ತಿ ತರಕಾರಿ ಬೆಳೆಯೋಕೆ ಆಗಲ್ಲ, ಯಾರಾದ್ರೂ ವಿಡಿಯೋದಲ್ಲಿ ಆಗತ್ತೆ ಅಂದ್ರೆ ನಂಬೋಕೆ ಹೋಗ್ಬೇಡಿ. ಆದ್ರೆ ವಾರಕ್ಕೊಂದೆರಡು ಸಲ ಬಸ್ಸಾರಿಗೋ ಮಸ್ಸೊಪ್ಪಿಗೋ ಸೊಪ್ಪು, ದಿನಾ ಒಗ್ಗರಣೆಗೆ ಕರಿಬೇವು, ಕೊತ್ತಂಬರಿ, ಪುದೀನ, ಹಸಿಮೆಣಸಿನಕಾಯಿ, ಸೀಸನ್ನಲ್ಲಿ ಒಂದಷ್ಟು ಟೊಮ್ಯಾಟೊ ಬದನೆಕಾಯಿ, ಇಷ್ಟು ಆರಾಮಾಗಿ ಆಗತ್ತೆ. ಸುಮಾರು ಜನ ಉತ್ಸಾಹದಲ್ಲಿ ಶುರು ಮಾಡ್ತಾರೆ, ಮೊದಲನೇ ದಿನಾನೇ ಕ್ಯಾಪ್ಸಿಕಮ್, ಹೂಕೋಸು, ಕ್ಯಾರೆಟ್ಟು ಎಲ್ಲದರ ಬೀಜದ ಪ್ಯಾಕೆಟ್ ತಗೊಂಡು ಬರ್ತಾರೆ, ಮೂರು ತಿಂಗಳಾದ್ಮೇಲೆ ನೋಡಿದ್ರೆ ಖಾಲಿ ಕುಂಡಗಳು ಮೂಲೆಲಿ ಬಿದ್ದಿರತ್ವೆ. ಜಾಗ ಸಾಲದೆ ಹಾಗಾಗೋದು ಕಡಿಮೆ. ಬಿಸಿಲು ಎಷ್ಟು ಹೊತ್ತು ಬೀಳತ್ತೆ ಅಂತ ನೋಡಿರಲ್ಲ, ಇಲ್ಲಾ ಒಂದು ಬೆಳೆ ಮುಗಿದ ಮೇಲೆ ಆ ಕುಂಡಕ್ಕೆ ಮುಂದಿನದ್ದು ಏನು ಅಂತ ಯೋಚನೆ ಮಾಡಿರಲ್ಲ, ಹೆಚ್ಚುಕಮ್ಮಿ ಈ ಎರಡರಲ್ಲೇ ಎಡವೋದು. ಅದಕ್ಕೆ ಇಲ್ಲಿ ಈ ಎರಡರ ಸುತ್ತಾನೇ ಜಾಸ್ತಿ ಬರೀತೀನಿ.

ಮೊದ್ಲು ಬಿಸಿಲು

ಒಂದು ಪೈಸೆ ಖರ್ಚು ಮಾಡೋಕೆ ಮುಂಚೆ ಒಂದು ಭಾನುವಾರ ಮನೇಲಿದ್ದು ಬಾಲ್ಕನಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ. ಬೆಳಿಗ್ಗೆ 8 ಗಂಟೆಗೆ ಬಿಸಿಲು ಎಲ್ಲಿವರೆಗೆ ಬಂದಿದೆ, 10ಕ್ಕೆ ಎಲ್ಲಿ, 12ಕ್ಕೆ, 2ಕ್ಕೆ, 4ಕ್ಕೆ ಎಲ್ಲಿ ಅಂತ. ಗೆರೆ ಪಕ್ಕ ಟೈಮ್ ಬರೆದು ಒಂದು ಫೋಟೋ ತೆಗೆದಿಟ್ಕೊಳಿ. ಕಾಯಿ ಬಿಡೋ ಗಿಡಗಳಿಗೆ, ಅಂದ್ರೆ ಟೊಮ್ಯಾಟೊ, ಬೆಂಡೆ, ಬದನೆ, ಹೀರೆ ಇವಕ್ಕೆಲ್ಲ ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕೇ ಬೇಕು, ಮೆಣಸಿನಕಾಯಿ ಐದು ಗಂಟೆಲಿ ಸುಧಾರಿಸ್ಕೊಳತ್ತೆ. ಸೊಪ್ಪುಗಳಿಗೆ ಮೂರ್ನಾಲ್ಕು ಗಂಟೆ ಸಾಕು. ಎರಡು ಗಂಟೆನೂ ಇಲ್ಲ ಅಂದ್ರೆ ಪುದೀನ, ದೊಡ್ಡಪತ್ರೆ, ಒಂದೆಲಗ, ಬಸಳೆ ಇಷ್ಟಕ್ಕೆ ನಿಲ್ಲಿಸಿ, ಅದೂ ತರಕಾರಿನೇ, ಬೇಜಾರು ಮಾಡ್ಕೋಬೇಡಿ.

ಇಲ್ಲೊಂದು ವಿಷಯ ಜನ ಗಮನಿಸೋದೇ ಇಲ್ಲ. ಬೆಂಗಳೂರು ಇರೋದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಹಾಗಾಗಿ ಏಪ್ರಿಲ್ ಕೊನೇ ವಾರದಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೆ ಇರ್ತಾನೆ, ಉಳಿದ ಟೈಮಲ್ಲಿ ದಕ್ಷಿಣಕ್ಕೆ. ಅಂದ್ರೆ ಉತ್ತರ ದಿಕ್ಕಿನ ಬಾಲ್ಕನಿ ಇರೋರಿಗೆ ಮೇ ಜೂನಲ್ಲಿ ಬಿಸಿಲು ಬರತ್ತೆ, ಡಿಸೆಂಬರಲ್ಲಿ ಪೂರ್ತಿ ನೆರಳು. ದಕ್ಷಿಣದ ಬಾಲ್ಕನಿಗೆ ಉಲ್ಟಾ, ಚಳಿಗಾಲದಲ್ಲಿ ಒಳಗಡೆ ಗೋಡೆವರೆಗೂ ಬಿಸಿಲು ಬರತ್ತೆ, ಜೂನಲ್ಲಿ ಮೇಲಿನ ಮನೆ ಸ್ಲ್ಯಾಬಿನ ನೆರಳಲ್ಲೇ ಇರತ್ತೆ. ನಿಮ್ಮದು ದಕ್ಷಿಣದ ಬಾಲ್ಕನಿ ಆಗಿದ್ರೆ ಟೊಮ್ಯಾಟೊನ ಸೆಪ್ಟೆಂಬರಿಂದ ಮಾರ್ಚ್ ಒಳಗೆ ಮುಗಿಸ್ಕೊಳಿ, ಮಳೆಗಾಲಕ್ಕೆ ಸೊಪ್ಪು ಇಡಿ. ಪೂರ್ವದ ಬಾಲ್ಕನಿ ಸಿಕ್ಕಿದ್ರೆ ಪುಣ್ಯ ಮಾಡಿದೀರಿ ಅಂತ ಅನ್ಕೊಳಿ, ಬೆಳಗಿನ ಬಿಸಿಲು ಗಿಡಕ್ಕೆ ಹಿತ, ಎಲೆ ಬಾಡಲ್ಲ, ಇಬ್ಬನಿ ಬೇಗ ಒಣಗೋದ್ರಿಂದ ಎಲೆ ಚುಕ್ಕೆ ರೋಗನೂ ಕಮ್ಮಿ. ಪಶ್ಚಿಮದ್ದಾದ್ರೆ ಮಾರ್ಚ್ ಏಪ್ರಿಲ್ಲಲ್ಲಿ ಒಂದು ಹಸಿರು ಶೇಡ್ ನೆಟ್ ಕಟ್ಬೇಕಾಗತ್ತೆ.

ಭಾರದ ವಿಷಯ, ಓನರ್ ವಿಷಯ

ಟೆರೇಸಲ್ಲಿ ಇಡೋರು ಇದನ್ನ ದಯವಿಟ್ಟು ಓದಿ. ಓಡಾಡೋ ತಾರಸಿಗೆ ಇಂಜಿನಿಯರ್‌ಗಳು ಸಾಮಾನ್ಯವಾಗಿ ಲೆಕ್ಕ ಹಾಕೋ ಲೈವ್ ಲೋಡ್ (ಕಟ್ಟಡದ ಸ್ವಂತ ತೂಕ ಬಿಟ್ಟು ಮೇಲೆ ಬೀಳೋ ಜನ, ಸಾಮಾನಿನ ಭಾರ) ಒಂದು ಚದರ ಮೀಟರಿಗೆ 150 ಕೆಜಿ. ಈಗ ಒಂದು ಚದರ ಮೀಟರ್ ಜಾಗದಲ್ಲಿ ಇಟ್ಟಿಗೆ ಕಟ್ಟಿ ಒಂದಡಿ ಎತ್ತರ ಮಣ್ಣು ತುಂಬಿದ್ರೆ ಅದು 300 ಲೀಟರ್ ಮಣ್ಣಾಯ್ತು, ಬರೀ ಕೆಂಪು ಮಣ್ಣಾದ್ರೆ ನೀರು ಕುಡಿದಾಗ 450 ಕೆಜಿ ದಾಟತ್ತೆ. ಮೂರು ಪಟ್ಟು. ಅದಕ್ಕೇ ತಾರಸಿ ಮೇಲೆ ಮಡಿ ಕಟ್ಟಿ ಮಣ್ಣು ಸುರಿಯೋದು ಬೇಡ, ಬಿಡಿ ಬಿಡಿಯಾಗಿ ಗ್ರೋ ಬ್ಯಾಗ್ (ಗಿಡ ಬೆಳೆಸೋಕೆ ಅಂತಾನೇ ಸಿಗೋ ಚೀಲ) ಇಡಿ, ಭಾರದವನ್ನ ನಡುಮಧ್ಯೆ ಗುಂಪು ಹಾಕದೆ ಪ್ಯಾರಾಪೆಟ್ ಗೋಡೆ ಉದ್ದಕ್ಕೆ, ಕೆಳಗೆ ಗೋಡೆ ಅಥವಾ ಬೀಮ್ ಇರೋ ಕಡೆ ಇಡಿ, ಮಣ್ಣಿನ ಮಿಶ್ರಣ ಹಗುರ ಇರಲಿ. ಹಳೇ ಬಿಲ್ಡಿಂಗ್ ಆಗಿದ್ರೆ, ಸೀಲಿಂಗಲ್ಲಿ ಎಲ್ಲಾದ್ರೂ ಒದ್ದೆ ಕಲೆ ಇದ್ರೆ, ಗೊತ್ತಿರೋರ ಹತ್ರ ಒಂದ್ಸಲ ತೋರಿಸಿಬಿಡಿ.

ಕುಂಡನ ನೇರ ನೆಲದ ಮೇಲೆ ಇಡ್ಬೇಡಿ, ಎರಡು ಇಟ್ಟಿಗೆ ಇಲ್ಲಾ ಟೈಲ್ಸ್ ಚೂರು ಕೊಟ್ಟು ಎತ್ತರಿಸಿ, ಕೆಳಗೆ ಗಾಳಿ ಆಡ್ಬೇಕು, ಪೊರಕೆ ಹೋಗ್ಬೇಕು. ಓನರ್ ಆಂಟಿ ಬೈಯೋದು ಗಿಡಕ್ಕಲ್ಲ, ನೆಲದ ಮೇಲಿನ ಕೆಂಪು ಕಲೆಗೆ. ಅಪಾರ್ಟ್‌ಮೆಂಟಲ್ಲಿ ಕೆಳಗಿನ ಮನೆಯವರ ಒಣಗಿ ಹಾಕಿದ ಬಟ್ಟೆ ಮೇಲೆ ನೀರು ತೊಟ್ಟಿಕ್ಕಿದ್ರೆ ಒಂದೇ ದಿನಕ್ಕೆ ಜಗಳ, ಅದಕ್ಕೆ ಪ್ರತಿ ಕುಂಡದ ಕೆಳಗೂ ತಟ್ಟೆ ಇರಲಿ, ಆದ್ರೆ ತಟ್ಟೆಲಿ ನೀರು ನಿಲ್ಲಿಸ್ಬೇಡಿ, ಡೆಂಗ್ಯೂ ಸೊಳ್ಳೆಗೆ ಅಷ್ಟೇ ನೀರು ಸಾಕು. ಬಾಲ್ಕನಿ ಗ್ರಿಲ್ಲಿಗೆ ಹೊರಗಡೆ ಕುಂಡ ನೇತುಹಾಕೋದು ನೋಡೋಕೆ ಚೆಂದ ಆದ್ರೆ ಗಾಳಿ ಮಳೆಗೆ ಯಾರ ತಲೆ ಮೇಲಾದ್ರೂ ಬಿದ್ರೆ ಏನು ಗತಿ, ಒಳಗಡೆನೇ ತೂಗುಹಾಕಿ.

ಯಾವುದರಲ್ಲಿ ಬೆಳೆಯೋದು

ಚಂದದ ಪಾಟ್‌ಗೆ ದುಡ್ಡು ಹಾಕ್ಬೇಡಿ. ಸೊಪ್ಪಿಗೆ ಆಳ ಬೇಡ, ಅಗಲ ಬೇಕು, ಆರು ಇಂಚು ಆಳದ ಯಾವ ಟಬ್ಬಾದ್ರೂ ಸರಿ, ಹಣ್ಣಿನ ಅಂಗಡಿಲಿ ಸಿಗೋ ಪ್ಲಾಸ್ಟಿಕ್ ಕ್ರೇಟ್ ಎಲ್ಲಕ್ಕಿಂತ ಚೆನ್ನಾಗಿರತ್ತೆ, ಒಳಗೆ ಹಳೇ ಶೇಡ್ ನೆಟ್ಟೋ ಹಳೇ ಕಾಟನ್ ಸೀರೆ ತುಂಡೋ ಹಾಸಿ ಮಣ್ಣು ತುಂಬಿದ್ರೆ ಆಯ್ತು. ಮೂಲಂಗಿ ಬೀನ್ಸಿಗೆ ಎಂಟ್ಹತ್ತು ಇಂಚು. ಟೊಮ್ಯಾಟೊ ಬದನೆ ಬೆಂಡೆ ಮೆಣಸಿನಕಾಯಿಗೆ 12 ಇಂಚಿನ ಗ್ರೋ ಬ್ಯಾಗು, ಒಂದಕ್ಕೆ ಒಂದೇ ಗಿಡ (ಬೆಂಡೆ ಎರಡು ಹಾಕ್ಬೋದು). ಹೀರೆ, ಹಾಗಲ, ಸೋರೆಗೆ ಇನ್ನೂ ದೊಡ್ಡದು, 15-18 ಇಂಚು. 20 ಲೀಟರಿನ ಪೇಂಟ್ ಬಕೆಟ್ ಸಿಕ್ಕಿದ್ರೆ ಚೆನ್ನಾಗಿ ತೊಳೆದು ತಳದಲ್ಲಿ ಆರೇಳು ತೂತು ಮಾಡಿ, ಬದಿಲೂ ತಳದಿಂದ ಒಂದಿಂಚು ಮೇಲೆ ನಾಲ್ಕು ತೂತು ಹಾಕಿ, ತಳದ ತೂತು ಮುಚ್ಚಿಹೋದ್ರೂ ನೀರು ಹೊರಗೆ ಹೋಗತ್ತೆ. ಅಕ್ಕಿ ಚೀಲದಲ್ಲೂ ಬೆಳೆಯುತ್ತೆ ಆದ್ರೆ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಪುಡಿ ಪುಡಿಯಾಗಿ ಉದುರೋಕೆ ಶುರುವಾಗತ್ತೆ, ಆ ಚೂರೆಲ್ಲ ಮಣ್ಣಿಗೆ ಸೇರತ್ತೆ, ನನಗೆ ಅದು ಇಷ್ಟ ಇಲ್ಲ.

ಮಣ್ಣು

ಇದರಲ್ಲಿ ಅವಸರ ಮಾಡ್ಬೇಡಿ. ನಮ್ಮ ಕಡೆ ಕೆಂಪು ಮಣ್ಣು ಹೊಲದಲ್ಲಿ ಚೆನ್ನಾಗಿರತ್ತೆ, ಕುಂಡದಲ್ಲಿ ಅದೊಂದನ್ನೇ ತುಂಬಿದ್ರೆ ಎರಡು ವಾರಕ್ಕೆ ಗಟ್ಟಿಯಾಗಿ ಬದಿಯಿಂದ ಬಿಟ್ಕೊಂಡು, ಹಾಕಿದ ನೀರು ಸಂದಿಯಿಂದ ಸೀದಾ ಕೆಳಗೆ ಹೋಗ್ಬಿಡತ್ತೆ, ಬೇರಿಗೆ ತಲುಪೋದೇ ಇಲ್ಲ. ಕೆಂಪು ಮಣ್ಣು ಒಂದು ಪಾಲು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಂದು ಪಾಲು, ಚೆನ್ನಾಗಿ ಕೊಳೆತ ಕಾಂಪೋಸ್ಟ್ ಅಥವಾ ಎರೆಗೊಬ್ಬರ ಒಂದು ಪಾಲು, ಒಂದು ಗ್ರೋ ಬ್ಯಾಗಿಗೆ ಒಂದು ಹಿಡಿ ಬೇವಿನ ಹಿಂಡಿ. ಇಷ್ಟೇ ಸಾಕು, ಇನ್ನು ಏನೇನೋ ಪೌಡರ್‌ಗಳು ಆನ್‌ಲೈನಲ್ಲಿ ಮಾರ್ತಾರೆ, ಶುರುವಲ್ಲಿ ಯಾವುದೂ ಬೇಡ.

ಕೋಕೋಪೀಟ್ 5 ಕೆಜಿ ಇಟ್ಟಿಗೆ ಥರದ ಬ್ಲಾಕ್ ಸಿಗತ್ತೆ, ದೊಡ್ಡ ಟಬ್ಬಲ್ಲಿ ಹಾಕಿ ನೀರು ಬಿಟ್ರೆ ಉಬ್ಬಿ 60-70 ಲೀಟರಷ್ಟು ಆಗತ್ತೆ, ಫಸ್ಟ್ ಟೈಮ್ ನೋಡಿದೋರಿಗೆ ಆಶ್ಚರ್ಯ ಆಗತ್ತೆ ಎಲ್ಲಿ ಹಾಕೋದು ಇದನ್ನ ಅಂತ. ಅದರಲ್ಲಿ ಉಪ್ಪಿನಂಶ ಇರತ್ತೆ, ಎರಡ್ಮೂರು ಸಲ ನೀರಲ್ಲಿ ನೆನೆಸಿ ಹಿಂಡಿ ಆಮೇಲೇ ಬಳಸಿ. ತೊಳೆಯದೆ ಹಾಕಿದ್ರೆ ಎಳೇ ಸಸಿಗಳ ಎಲೆ ಅಂಚು ಸುಟ್ಟಂಗೆ ಆಗತ್ತೆ, ಜನ ಅದನ್ನ ರೋಗ ಅನ್ಕೊಂಡು ಔಷಧಿ ಹುಡುಕ್ತಾರೆ.

ಮೂರೂ ಕಲಸಿದ ಮೇಲೆ ಸ್ವಲ್ಪ ನೀರು ಚಿಮುಕಿಸಿ ಒಂದು ಮುಷ್ಟಿ ತಗೊಂಡು ಬಿಗಿಯಾಗಿ ಹಿಡಿದು ಬಿಡಿ. ಉಂಡೆ ಆಗ್ಬೇಕು, ಹೆಬ್ಬೆರಳಲ್ಲಿ ಮೆಲ್ಲಗೆ ತಾಗಿಸಿದ್ರೆ ಉದುರಿಹೋಗ್ಬೇಕು. ಉಂಡೆ ಉದುರದೆ ಹಾಗೇ ನಿಂತ್ರೆ ಮಣ್ಣಿನ ಪಾಲು ಜಾಸ್ತಿ, ಕೋಕೋಪೀಟ್ ಸೇರಿಸಿ. ಉಂಡೆನೇ ಆಗ್ಲಿಲ್ಲ ಅಂದ್ರೆ ಮಣ್ಣು ಕಮ್ಮಿ. ಬೆರಳ ಸಂದಿಂದ ನೀರು ಸೋರಿದ್ರೆ ಒಂದು ದಿನ ಹರಡಿ ಆರಿಸಿ. ತುಂಬುವಾಗ ಮೇಲೆ ಎರಡಿಂಚು ಖಾಲಿ ಬಿಡಿ, ನೀರಿಗೂ ಮುಂದೆ ಗೊಬ್ಬರ ಹಾಕೋಕೂ ಜಾಗ ಬೇಕಲ್ಲ. ತುಂಬಿ, ನೀರು ಹಾಕಿ, ನಾಲ್ಕೈದು ದಿನ ಹಾಗೇ ಬಿಟ್ಟು ಆಮೇಲೆ ಬಿತ್ತಿ.

ಬೀಜ ಇಲ್ಲದೇನೇ ಶುರು ಮಾಡೋದು

ಹೊಸಬರಿಗೆ ನಾನು ಯಾವಾಗ್ಲೂ ಹೇಳೋದು ಇದನ್ನೇ. ಮಾರ್ಕೆಟ್ಟಿಂದ ತಂದ ಸೊಪ್ಪಿನ ಕಟ್ಟಲ್ಲೇ ಗಿಡ ಇದೆ. ಪುದೀನ ಕಟ್ಟಲ್ಲಿ ದಪ್ಪ ಕಡ್ಡಿ ನಾಲ್ಕೈದು ಆರಿಸಿ, ಮೇಲಿನ ಎರಡು ಜೊತೆ ಎಲೆ ಬಿಟ್ಟು ಉಳಿದಿದ್ದು ಕಿತ್ತು ಚಟ್ನಿಗೆ ಹಾಕ್ಕೊಳಿ, ಕಡ್ಡಿನ ಒಂದು ಲೋಟ ನೀರಲ್ಲಿ ಅಡುಗೆಮನೆ ಕಿಟಕಿಲಿ ಇಡಿ, ಒಂದು ವಾರದೊಳಗೆ ಗಿಣ್ಣಲ್ಲಿ ಬಿಳಿ ಬೇರು ಬರತ್ತೆ, ಎರಡಿಂಚಾದಾಗ ಕುಂಡಕ್ಕೆ. ಬಸಳೆ ಬಳ್ಳಿ ಹಾಗೇ, ಒಂದು ಗೇಣು ತುಂಡು, ಎರಡು ಗಿಣ್ಣು ಮಣ್ಣಿನೊಳಗೆ ಹೋಗೋ ಹಾಗೆ ಓರೆಯಾಗಿ ನೆಟ್ರೆ ಆಯ್ತು, ಆಮೇಲೆ ಗ್ರಿಲ್ಲಿಗೆ ಹಬ್ಬಿಸಿ, ನೆರಳಲ್ಲೂ ಬರತ್ತೆ, ಮಳೆಗಾಲದಲ್ಲಂತೂ ಕೇಳೋದೇ ಬೇಡ. ಹೊನಗೊನೆ ಸೊಪ್ಪು ಕಡ್ಡಿಯಿಂದಾನೇ ಬರೋದು. ದೊಡ್ಡಪತ್ರೆ ಪಕ್ಕದ ಮನೆಯವರ ಹತ್ರ ಒಂದು ಕಡ್ಡಿ ಕೇಳಿ, ಯಾರೂ ಇಲ್ಲ ಅನ್ನಲ್ಲ. ಚಕ್ರಮುನಿ ಅಂತ ಒಂದಿದೆ, ಬಲಿತ ಕಡ್ಡಿ ನೆಟ್ರೆ ವರ್ಷಗಟ್ಲೆ ಸೊಪ್ಪು ಕೊಡತ್ತೆ, ಒಂದೇ ಗ್ರೋ ಬ್ಯಾಗಲ್ಲಿ, ಹುಳಗಿಳ ಅಂತ ತಾಪತ್ರಯನೂ ಇಲ್ಲ. ಕರಿಬೇವಿಗೆ ಮಾತ್ರ ನರ್ಸರಿಯಿಂದ ಸಸಿ ತಗೊಳಿ, ನಿಧಾನದ ಗಿಡ, ಮೊದಲ ವರ್ಷ ಎಲೆ ಕೀಳೋಕೆ ಹೋಗ್ದೆ ತುದಿ ಮಾತ್ರ ಚಿವುಟಿ, ಆಗ ಕವಲೊಡೆಯುತ್ತೆ.

ಸೊಪ್ಪಿನ ಸರದಿ

ಇಲ್ಲೇ ಇರೋದು ಚಿಕ್ಕ ಜಾಗದ ಎಲ್ಲಾ ಲೆಕ್ಕಾಚಾರ. ನಾಲ್ಕು ಕ್ರೇಟ್ ಇದೆ ಅನ್ಕೊಳಿ. ನಾಲ್ಕಕ್ಕೂ ಒಂದೇ ದಿನ ಮೆಂತ್ಯ ಹಾಕಿದ್ರೆ ನಾಲ್ಕೂ ಒಂದೇ ದಿನ ಕೊಯ್ಲಿಗೆ ಬರತ್ತೆ, ಅರ್ಧ ಹಂಚಿ ಅರ್ಧ ಬಾಡಿಸಿ ಆಮೇಲೆ ಒಂದು ತಿಂಗಳು ಏನೂ ಇಲ್ಲ. ಅದರ ಬದಲು ಈ ಶನಿವಾರ ಒಂದನೇ ಕ್ರೇಟು, ಮುಂದಿನ ಶನಿವಾರ ಎರಡನೇದು, ಹೀಗೆ. ನಾಲ್ಕನೇದು ಬಿತ್ತಿ ಒಂದು ವಾರ ಕಳೆಯೋ ಹೊತ್ತಿಗೆ ಒಂದನೇದು ಕೊಯ್ಲಿಗೆ ರೆಡಿ, ಕೊಯ್ದ ದಿನಾನೇ ಬೇರು ತೆಗೆದು ಎರಡು ಹಿಡಿ ಗೊಬ್ಬರ ಕಲಸಿ ಮತ್ತೆ ಬಿತ್ತಿ. ಅದೇ ಸೊಪ್ಪು ಮತ್ತೆ ಮತ್ತೆ ಹಾಕ್ಬೇಡಿ, ಮೆಂತ್ಯ ಆದ್ಮೇಲೆ ದಂಟು, ದಂಟಾದ್ಮೇಲೆ ಸಬ್ಬಸಿಗೆ. ಮೆಂತ್ಯ ಬೇಳೆಕಾಳು ಜಾತಿ, ಅದರ ಬೇರು ಮಣ್ಣಿಗೆ ಒಳ್ಳೇದು, ಬೇರನ್ನ ಚೂರು ಮಾಡಿ ಅಲ್ಲೇ ಬಿಟ್ರೂ ನಡಿಯತ್ತೆ. ಕ್ರೇಟ್ ಬದಿಲಿ ಒಂದು ತುಂಡು ಟೇಪ್ ಅಂಟಿಸಿ ಬಿತ್ತಿದ ತಾರೀಖು ಬರೀರಿ, ಮರೆತುಹೋಗತ್ತೆ.

ಮೆಂತ್ಯಕ್ಕೆ ಅಡುಗೆಮನೆ ಡಬ್ಬದಲ್ಲಿರೋ ಕಾಳೇ ಸಾಕು, ರಾತ್ರಿ ನೆನೆಸಿ ಬೆಳಿಗ್ಗೆ ಹರಡಿ ಮೇಲೆ ಕಾಲು ಇಂಚು ಮಣ್ಣು ಉದುರಿಸಿ, ಮೂರ್ನಾಲ್ಕು ದಿನಕ್ಕೆ ಮೊಳಕೆ, 20-25 ದಿನಕ್ಕೆ ಸೊಪ್ಪು. ಕೊತ್ತಂಬರಿ ಬೀಜ ಒಂದೊಂದು ಕಾಳಲ್ಲೂ ಎರಡು ಬೀಜ ಇರತ್ತೆ, ಲಟ್ಟಣಿಗೆಲಿ ಹಗುರವಾಗಿ ಒತ್ತಿ ಇಬ್ಭಾಗ ಮಾಡಿ ನೆನೆಸಿ ಹಾಕಿ, ಮೊಳಕೆಗೆ 8ರಿಂದ 12 ದಿನ ಬೇಕು, ಐದನೇ ದಿನಕ್ಕೆ ಬಂದಿಲ್ಲ ಅಂತ ಕೆದಕ್ಬೇಡಿ. ಬೇಸಿಗೆಲಿ ಕೊತ್ತಂಬರಿ ಬೇಗ ಹೂ ಬಿಡತ್ತೆ, ಏಪ್ರಿಲ್, ಮೇ ತಿಂಗಳಲ್ಲಿ ನೆರಳಿರೋ ಕಡೆ ಇಡಿ.

ದಂಟಿನ ಬೀಜ ಸಾಸಿವೆಗಿಂತ ಸಣ್ಣ, ಇರುವೆಗಳಿಗೆ ಅಂದ್ರೆ ಪ್ರಾಣ. ಸಾಯಂಕಾಲ ಬಿತ್ತಿ ಬೆಳಿಗ್ಗೆ ನೋಡಿದ್ರೆ ಸಾಲಾಗಿ ಹೊತ್ಕೊಂಡು ಹೋಗ್ತಿರತ್ವೆ. ಇದಕ್ಕೆ ನಮ್ಮ ಹಳ್ಳಿ ಕಡೆ ಹೆಂಗಸರು ಮಾಡೋದು ಏನಂದ್ರೆ ಒಂದು ಚಮಚ ಬೀಜಕ್ಕೆ ಮೂರ್ನಾಲ್ಕು ಚಮಚ ರವೆ ಕಲಸಿ ಬಿತ್ತೋದು. ಇರುವೆ ರವೆ ಹೊರೋದ್ರಲ್ಲಿ ಬ್ಯುಸಿ ಇರತ್ತೆ, ಅಷ್ಟೊತ್ತಿಗೆ ಬೀಜ ಮೊಳೆಯುತ್ತೆ, ಜೊತೆಗೆ ಬಿಳಿ ರವೆ ಕಾಣೋದ್ರಿಂದ ಎಲ್ಲಿ ಬಿದ್ದಿದೆ ಎಲ್ಲಿ ಬಿದ್ದಿಲ್ಲ ಅಂತ ಗೊತ್ತಾಗಿ ಒಂದೇ ಸಮ ಬಿತ್ತನೆ ಆಗತ್ತೆ. ದಂಟು ಒತ್ತಾಗಿ ಬಂದಿದ್ರೆ 20 ದಿನಕ್ಕೆ ಅರ್ಧ ಗಿಡ ಬೇರುಸಮೇತ ಕಿತ್ತು ಪಲ್ಯ ಮಾಡಿ, ಉಳಿದವು ದಪ್ಪ ಆಗತ್ವೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಹೆಚ್‌ಆರ್‌ನವರ ಅರ್ಕಾ ಸುಗುಣ ಅಂತ ತಳಿ ಇದೆ, ಕೊಯ್ದಷ್ಟೂ ಮತ್ತೆ ಚಿಗುರತ್ತೆ. ಪಾಲಕ್‌ಗೆ ಅರ್ಕಾ ಅನುಪಮ ಇದೆ. ಪಾಲಕ್ ಯಾವತ್ತೂ ಹೊರಗಿನ ಎಲೆಗಳನ್ನ ಮಾತ್ರ ಕೀಳಿ, ನಡುವಿನ ಸುಳಿ ಮುಟ್ಬೇಡಿ, ತಿಂಗಳುಗಟ್ಟಲೆ ಕೊಡತ್ತೆ.

ಪಾರಿವಾಳದ ಬಗ್ಗೆ ಹೇಳ್ಲೇಬೇಕು. ಈ ಊರಲ್ಲಿ ಹುಳಕ್ಕಿಂತ ದೊಡ್ಡ ಕಾಟ ಅದೇ, ಎಳೇ ಮೊಳಕೆನ ಒಂದು ಬೆಳಿಗ್ಗೆಲಿ ಪೂರ್ತಿ ಕಿತ್ತುಹಾಕತ್ತೆ. ಬಿತ್ತಿದ ದಿನಾನೇ ಕ್ರೇಟ್ ಮೇಲೆ ಇನ್ನೊಂದು ಖಾಲಿ ಕ್ರೇಟ್ ಬೋರಲು ಹಾಕಿ ಮುಚ್ಚಿ, ಎರಡು ಎಲೆ ನಾಲ್ಕಾದ್ಮೇಲೆ ತೆಗೀರಿ. ಬೆಳಕು ಗಾಳಿ ಎರಡೂ ಹೋಗತ್ತೆ.

ಕಾಯಿ ಬಿಡೋ ಗಿಡಗಳು

ಎಲ್ಲಾ ಬೇಕು ಅಂತ ಆಸೆ ಪಡ್ಬೇಡಿ. ಹೂಕೋಸು ಎಲೆಕೋಸು ಮೂರು ತಿಂಗಳು ಜಾಗ ಹಿಡ್ಕೊಂಡು ಕೊನೆಗೆ ಕೊಡೋದು ಒಂದೇ ಒಂದು, ಅಂಥದ್ದು ಚಿಕ್ಕ ಬಾಲ್ಕನಿಗೆ ಬೇಡ. ಮೆಣಸಿನಕಾಯಿಗೆ ಮೊದಲ ಮರ್ಯಾದೆ, ಎರಡು ಗಿಡ ಇದ್ರೆ ಒಂದು ಮನೆಗೆ ತಿಂಗಳುಗಟ್ಲೆ ಸಾಕು. ಬದನೆ ಆಮೇಲೆ, ಯಾಕಂದ್ರೆ ಒಂದು ಸುತ್ತು ಕಾಯಿ ಮುಗಿದ ಮೇಲೆ ಕೊಂಬೆನ ಅರ್ಧಕ್ಕೆ ಕತ್ತರಿಸಿ ಬುಡಕ್ಕೆ ಗೊಬ್ಬರ ಕೊಟ್ರೆ ಮತ್ತೆ ಚಿಗುರಿ ಇನ್ನೊಂದು ಸುತ್ತು ಕೊಡತ್ತೆ. ಉಡುಪಿ ಕಡೆಯವರು ಊರಿಂದ ಮಟ್ಟುಗುಳ್ಳದ ಸಸಿ ತಂದು ಇಲ್ಲಿ ಬ್ಯಾಗಲ್ಲಿ ಹಾಕ್ತಾರೆ, ಬರತ್ತೆ, ಮಟ್ಟು ಗ್ರಾಮದ ಆ ಮಣ್ಣಿನ ರುಚಿ ಬರಲ್ಲ ಅಂತ ಅವರೇ ಹೇಳ್ತಾರೆ. ಬೆಂಡೆ ಕಮ್ಮಿ ಅಂದ್ರೆ ಐದಾರು ಗಿಡ ಇದ್ರೇನೇ ಒಂದು ಹೊತ್ತಿನ ಪಲ್ಯಕ್ಕೆ ಆಗೋದು, ಜಾಗ ಇದ್ರೆ ಮಾತ್ರ. ನೇರ ಬೀಜ ಹಾಕಿ, 45-50 ದಿನಕ್ಕೆ ಕಾಯಿ, ಆಮೇಲೆ ದಿನ ಬಿಟ್ಟು ದಿನ ಕೀಳ್ಬೇಕು, ಮೂರು ದಿನ ಬಿಟ್ರೆ ನಾರು. ಹಳದಿ ನಂಜಾಣು ರೋಗ ತಡೆಯೋ ಅರ್ಕಾ ಅನಾಮಿಕಾ ಸಿಕ್ಕಿದ್ರೆ ಅದನ್ನೇ ಹಾಕಿ.

ಟೊಮ್ಯಾಟೊ ಬಗ್ಗೆ ಸ್ವಲ್ಪ ಉದ್ದ ಬರೀತೀನಿ ಯಾಕಂದ್ರೆ ಎಲ್ರಿಗೂ ಬೇಕಾಗಿರೋದು ಅದೇ, ಕೈ ಕೊಡೋದೂ ಅದೇ. ಬೀಜನ ಪೇಪರ್ ಕಪ್ಪಲ್ಲಿ ಹಾಕಿ, ಸಸಿ 25-30 ದಿನದ್ದಾದಾಗ ಸಾಯಂಕಾಲ ಹೊತ್ತಲ್ಲಿ ಬ್ಯಾಗಿಗೆ ನೆಡಿ, ಕೆಳಗಿನ ಎಲೆ ತೆಗೆದು ಕಾಂಡನ ಅರ್ಧದವರೆಗೆ ಮಣ್ಣಲ್ಲಿ ಹೂತುಹಾಕಿ, ಹೂತ ಕಾಂಡದಿಂದೆಲ್ಲ ಬೇರು ಬರೋದ್ರಿಂದ ಗಿಡ ಗಟ್ಟಿ. ನೆಟ್ಟ ದಿನಾನೇ ಕೋಲು ಚುಚ್ಚಿಬಿಡಿ, ಆಮೇಲೆ ಚುಚ್ಚಿದ್ರೆ ಬೇರು ಕತ್ತರಿಸತ್ತೆ. ಹೂ ಬಂದಾಗ ಬೆಳಿಗ್ಗೆ 9ರಿಂದ 11ರ ಒಳಗೆ ಹೂವಿನ ಗೊಂಚಲನ್ನ ಬೆರಳಲ್ಲಿ ಮೆಲ್ಲಗೆ ತಟ್ಟಿ, ಬಾಲ್ಕನಿಲಿ ಗಾಳಿ, ಜೇನು ಎರಡೂ ಕಮ್ಮಿ ಇರ್ಬೋದು, ಪರಾಗ ಉದುರೋಕೆ ಈ ತಟ್ಟೋದು ಬೇಕು. ಕಾಯಿ ತಳದಲ್ಲಿ ಕಪ್ಪಗೆ ಚರ್ಮ ಥರ ಆದ್ರೆ ಅದು ರೋಗ ಅಲ್ಲ, ಒಂದಿನ ಸುರಿದು ಎರಡು ದಿನ ಒಣಗಿಸಿದ್ದಕ್ಕೆ ಕಾಯಿಗೆ ಕ್ಯಾಲ್ಸಿಯಂ ಸರಿಯಾಗಿ ತಲುಪ್ದೆ ಹಾಗಾಗತ್ತೆ, ನೀರು ಒಂದೇ ಸಮ ಕೊಡಿ. ಎಲೆ ಸಣ್ಣದಾಗಿ ಮುದುರಿ ಗಿಡ ಕುಳ್ಳಗಾದ್ರೆ ಅದು ಬಿಳಿ ನೊಣ ಹರಡೋ ಎಲೆ ಮುದುಡು ನಂಜು, ಅದಕ್ಕೆ ಔಷಧಿ ಇಲ್ಲ, ಮನಸ್ಸು ಗಟ್ಟಿ ಮಾಡಿ ಕಿತ್ತು ಎಸೀರಿ, ಇಲ್ಲಾಂದ್ರೆ ಪಕ್ಕದ ಗಿಡಕ್ಕೂ ಹೋಗತ್ತೆ. ಐಐಹೆಚ್‌ಆರ್‌ನ ಅರ್ಕಾ ರಕ್ಷಕ್ ಈ ನಂಜು, ದುಂಡಾಣು ಸೊರಗು, ಎಲೆ ಅಂಗಮಾರಿ ಮೂರನ್ನೂ ತಡೆಯೋ ಹೈಬ್ರಿಡ್, ಹೊಸಬರಿಗೆ ಒಳ್ಳೇದು, ಆದ್ರೆ ಹೈಬ್ರಿಡ್ ಆದ್ರಿಂದ ಅದರ ಹಣ್ಣಿನ ಬೀಜ ಎತ್ತಿಟ್ಟು ಹಾಕಿದ್ರೆ ಅದೇ ಗುಣ ಬರಲ್ಲ. ಬೀಜ ಎತ್ತಿಡೋ ಆಸೆ ಇದ್ರೆ ನಾಟಿ ತಳಿ ಹಾಕಿ, ನಾಟಿ ತಳಿ ಉಳಿಸೋ ಸಹಜ ಸಮೃದ್ಧ ಸಂಸ್ಥೆಯವರು ಮಾಡೋ ಬೀಜ ಮೇಳಗಳಲ್ಲಿ ಸಿಗತ್ತೆ, ನವೆಂಬರ್ ಆಸುಪಾಸಿನ ಜಿಕೆವಿಕೆ (ಬೆಂಗಳೂರು ಕೃಷಿ ವಿಶ್ವವಿದ್ಯಾಲಯ) ಕೃಷಿ ಮೇಳಕ್ಕೆ ಹೋದ್ರೂ ಬೀಜ, ಸಸಿ, ಪರಿಚಯ ಮೂರೂ ಆಗತ್ತೆ.

ಬಳ್ಳಿ ತರಕಾರಿ ಹಾಕೋರಿಗೆ ಒಂದು ಮಾತು. ಹೂ ಬರತ್ತೆ, ಉದುರತ್ತೆ, ಕಾಯಿ ಕಚ್ಚಲ್ಲ ಅಂತಾರೆ. ಹೀರೆ, ಸೋರೆ, ಹಾಗಲದಲ್ಲಿ ಗಂಡು ಹೂ ಹೆಣ್ಣು ಹೂ ಬೇರೆ ಬೇರೆ, ಹೆಣ್ಣು ಹೂವಿನ ಹಿಂದೆ ಪುಟಾಣಿ ಕಾಯಿ ಇರತ್ತೆ, ಗಂಡಿಗೆ ಬರೀ ತೊಟ್ಟು. ಮೊದಲು ಬರೋದೆಲ್ಲ ಗಂಡು ಹೂವೇ, ಗಾಬರಿ ಬೇಡ. ಜೇನು ಬರಲ್ಲ ಅಂದ್ರೆ ಗಂಡು ಹೂ ಕಿತ್ತು ಎಸಳು ಹಿಂದಕ್ಕೆ ಮಡಚಿ ನಡುವಿನ ಹಳದಿ ಪುಡಿನ ಹೆಣ್ಣು ಹೂವಿನ ನಡುವಿಗೆ ಮುಟ್ಟಿಸಿ. ಹೊತ್ತು ಮುಖ್ಯ: ಹಾಗಲ, ಸೌತೆ ಬೆಳಿಗ್ಗೆ ಅರಳತ್ತೆ, ಹೀರೆ ಮತ್ತು ಸೋರೆ ಅರಳೋದು ಸಾಯಂಕಾಲ. ಆಫೀಸಿಂದ ಬಂದ್ಮೇಲೆ ಹೀರೆ ಹೂ ನೋಡ್ಕೋಬೋದು, ಅದಕ್ಕೇ ಕೆಲಸಕ್ಕೆ ಹೋಗೋರಿಗೆ ನಾನು ಹೀರೆನೇ ಹೇಳೋದು.

ನೀರು ಮತ್ತು ಗೊಬ್ಬರ

2024ರ ಮಾರ್ಚಲ್ಲಿ ಜಲಮಂಡಳಿ ಕುಡಿಯೋ ನೀರನ್ನ ಗಿಡಕ್ಕೆ ಹಾಕಿದ್ರೆ 5000 ರೂಪಾಯಿ ದಂಡ ಅಂತ ಆದೇಶ ಮಾಡಿತ್ತು, ನೆನಪಿರ್ಬೋದು. ದಂಡ ಬಿಡಿ, ಬೋರ್‌ವೆಲ್ ಬತ್ತಿ ಟ್ಯಾಂಕರ್‌ಗೆ ಕಾಯೋ ಊರಲ್ಲಿ ಗಿಡಕ್ಕೆ ಪೈಪ್ ಹಿಡಿಯೋಕೆ ಮನಸ್ಸು ಬರಲ್ಲ. ಅಕ್ಕಿ ಬೇಳೆ ತೊಳೆದ ನೀರು, ತರಕಾರಿ ತೊಳೆದ ನೀರು ಸಿಂಕಿಗೆ ಬಿಡದೆ ಒಂದು ಬಕೆಟಿಗೆ ಹಾಕ್ತಾ ಹೋದ್ರೆ ಸಣ್ಣ ಬಾಲ್ಕನಿಗೆ ಬಹುಪಾಲು ಅದರಲ್ಲೇ ಆಗತ್ತೆ. ಅವತ್ತಿಂದವತ್ತೇ ಬಳಸಿ, ನಾಳೆಗಿಟ್ರೆ ವಾಸನೆ. ಆರ್‌ಒ ಫಿಲ್ಟರಿಂದ ಹೊರಗೆ ಹೋಗೋ ನೀರಲ್ಲಿ ಲವಣ ಜಾಸ್ತಿ, ಅರ್ಧಕ್ಕರ್ಧ ಬೇರೆ ನೀರು ಬೆರೆಸಿ ಹಾಕಿ, ಸಸಿಗಳಿಗೆ ಬೇಡ. ಉಪ್ಪು ಹಾಕಿ ಬೇಯಿಸಿದ ನೀರೂ ಬೇಡ. ನೀರು ಬೇಕೋ ಬೇಡ್ವೋ ಅಂತ ತಿಳಿಯೋಕೆ ತೋರುಬೆರಳು ಎರಡು ಗಿಣ್ಣು ಮಣ್ಣಿಗೆ ಇಳಿಸಿ ನೋಡಿ, ಒಳಗೆ ತಂಪಿದ್ರೆ ಇವತ್ತು ಬೇಡ. ಮೇಲೆ ಒಣಗಿದ ಎಲೆ ಎರಡಿಂಚು ಹೊದಿಸಿದ್ರೆ ಬೇಸಿಗೆಲೂ ದಿನಕ್ಕೊಂದೇ ಸಲ ಸಾಕಾಗತ್ತೆ. ಫೆಬ್ರವರಿ ಮಾರ್ಚಲ್ಲಿ ಹೊಂಗೆ ಮರದ ಎಲೆ ರಸ್ತೆ ತುಂಬ ಉದುರತ್ತೆ, ಅದನ್ನ ಸುಡೋಕೆ ಬಿಡದೆ ನಾಲ್ಕು ಚೀಲ ತುಂಬಿಟ್ಕೊಳಿ, ವರ್ಷ ಪೂರ್ತಿ ಕಾಂಪೋಸ್ಟಿಗೂ ಹೊದಿಕೆಗೂ ಬರತ್ತೆ.

ಕಾಂಪೋಸ್ಟಿಗೆ ಮುಚ್ಚಳ ಇರೋ ಎರಡು ಬಕೆಟ್ ಸಾಕು, ಸುತ್ತ ತೂತು. ಒಂದು ಹಿಡಿ ಅಡುಗೆಮನೆ ಸಿಪ್ಪೆ ಹಾಕಿದ್ರೆ ಎರಡು ಹಿಡಿ ಒಣ ಎಲೆ ಮೇಲೆ ಹಾಕಿ, ನಡುನಡುವೆ ಸ್ವಲ್ಪ ಹುಳಿ ಮಜ್ಜಿಗೆ ಚಿಮುಕಿಸಿ, ವಾರಕ್ಕೆರಡು ಸಲ ತಿರುವಿ. ವಾಸನೆ ಬಂತು ಅಂದ್ರೆ ಒಣ ಎಲೆ ಕಮ್ಮಿ ಆಗಿದೆ ಅಂತ ಅರ್ಥ. ಎರಡು ತಿಂಗಳಲ್ಲಿ ಮಳೆ ಬಿದ್ದ ಮಣ್ಣಿನ ವಾಸನೆ ಬರೋ ಕಪ್ಪು ಗೊಬ್ಬರ ರೆಡಿ. ಹದಿನೈದು ದಿನಕ್ಕೊಮ್ಮೆ ಪ್ರತಿ ಬ್ಯಾಗಿಗೆ ಒಂದೆರಡು ಹಿಡಿ, ಬುಡಕ್ಕೆ ತಾಗದ ಹಾಗೆ ಅಂಚಲ್ಲಿ. ಟೆರೇಸ್ ಇರೋರು ಜೀವಾಮೃತ (ಹುದುಗಿಸಿ ಮಾಡೋ ದ್ರವ ಗೊಬ್ಬರ) ಮಾಡ್ಬೋದು, ಹತ್ತು ಲೀಟರ್ ನೀರಿಗೆ ಅರ್ಧ ಕೆಜಿ ನಾಟಿ ಹಸು ಸಗಣಿ, ಅರ್ಧ ಲೀಟರ್ ಗಂಜಲ, ನೂರು ಗ್ರಾಂ ಬೆಲ್ಲ, ನೂರು ಗ್ರಾಂ ಕಡಲೆಹಿಟ್ಟು, ಒಂದು ಹಿಡಿ ಮಣ್ಣು, ನೆರಳಲ್ಲಿಟ್ಟು ದಿನಕ್ಕೆರಡು ಸಲ ಕದಡಿ ಎರಡು ಮೂರು ದಿನ ಬಿಟ್ಟು ನೀರು ಬೆರೆಸಿ ಹಾಕೋದು, ವಾರದೊಳಗೆ ಮುಗಿಸ್ಬೇಕು. ಬಾಲ್ಕನಿಲಿ ಮಾತ್ರ ಬೇಡ, ಪಕ್ಕದ ಮನೆಯವರಿಗೆ ವಾಸನೆ ಹೋಗತ್ತೆ.

ಹುಳ

ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡ್ಕೊಂಡು ಎಲೆ ತಿರುಗಿಸಿ ಕೆಳಭಾಗ ನೋಡೋದಿದೆಯಲ್ಲ, ಅರ್ಧ ಹುಳ ಅಲ್ಲೇ ಮುಗೀತು. ಹತ್ತಿ ಥರ ಅಂಟಿರೋ ಹಿಟ್ಟು ತಿಗಣೆನ ಹಳೇ ಟೂತ್ ಬ್ರಶ್ಶಲ್ಲಿ ಸೋಪಿನ ನೀರು ಹಚ್ಚಿ ಉಜ್ಜಿ. ಅವರೆ ಬಳ್ಳಿ ಕುಡಿಲಿ ಕಪ್ಪಗೆ ಮುತ್ತಿಕೊಳೋ ಹೇನಿಗೆ ಜೋರಾಗಿ ನೀರು ಹೊಡೆದ್ರೆ ಅರ್ಧ ಹೋಗತ್ತೆ. ಮೆಣಸಿನ ಗಿಡದ ಎಲೆ ಮೇಲ್ಮುಖವಾಗಿ ದೋಣಿ ಥರ ಮುದುರಿದ್ರೆ ಥ್ರಿಪ್ಸ್ (ರಸ ಹೀರೋ ಪುಟ್ಟ ಹುಳ), ಕೆಳಮುಖವಾಗಿ ಮುದುರಿದ್ರೆ ಮೈಟ್ ನುಸಿ. ಎರಡಕ್ಕೂ ಬೇವಿನ ಎಣ್ಣೆ ಬಳಸ್ಬೋದು, ಒಂದು ಲೀಟರ್ ನೀರಿಗೆ 5 ಎಂಎಲ್, ಬೆರೆಯೋಕೆ ಎರಡು ಹನಿ ಪಾತ್ರೆ ತೊಳೆಯೋ ಲಿಕ್ವಿಡ್, ಸಾಯಂಕಾಲ ಬಿಸಿಲು ಇಳಿದ ಮೇಲೆ ಎಲೆ ಕೆಳಗೆ ತಾಗೋ ಹಾಗೆ ಸ್ಪ್ರೇ ಮಾಡಿ, ವಾರಕ್ಕೊಂದ್ಸಲ, ಬರೀ ಒಂದು ಸಲ ಹೊಡೆದು ಕೆಲಸ ಮಾಡಲ್ಲ ಅನ್ಬೇಡಿ, ಮೊಟ್ಟೆ ಉಳಿದಿರತ್ತೆ. ಬಿಸಿಲಲ್ಲಿ ಹೊಡೆದ್ರೆ ಎಲೆ ಸುಡತ್ತೆ. ಬಿಳಿ ನೊಣಕ್ಕೆ ಹಳದಿ ಅಂಟು ಕಾರ್ಡ್ ನೇತುಹಾಕಿ. ರಾಸಾಯನಿಕ ಔಷಧಿ ಮನೇಲಿ ತಂದಿಟ್ಕೊಳೋದಕ್ಕೆ ನನ್ನ ಸಂಪೂರ್ಣ ವಿರೋಧ ಇದೆ, ಮಕ್ಕಳು ಓಡಾಡೋ ಬಾಲ್ಕನಿ ಅದು, ಗಿಡ ಹೋದ್ರೆ ಹೋಗ್ಲಿ ಇನ್ನೊಂದು ಹಾಕೋಣ.

ಯಾವಾಗ ಏನು

ಬೆಂಗಳೂರಲ್ಲಿ ಸೊಪ್ಪು ವರ್ಷ ಪೂರ್ತಿ. ಜೂನ್ ಮಳೆ ಶುರುವಾದಾಗ ಬೆಂಡೆ, ಬದನೆ, ಹೀರೆ, ಹಾಗಲ, ಬಸಳೆ. ಜುಲೈ ಆಗಸ್ಟಲ್ಲಿ ನಾಟಿ ಅವರೆ ಹಾಕಿದ್ರೆ ಡಿಸೆಂಬರ್ ಜನವರಿಗೆ ಕಾಯಿ, ಅದು ಹಗಲು ಚಿಕ್ಕದಾದ್ರೇನೇ ಹೂ ಬಿಡೋ ಜಾತಿ, ಫೆಬ್ರವರಿಲಿ ಹಾಕಿ ಕಾಯ್ತಾ ಕೂತ್ರೆ ಬರೀ ಬಳ್ಳಿ. ಗ್ರಿಲ್ಲಿಗೆ ಹಬ್ಬಿದ ಅವರೆಯಿಂದ ಎರಡು ಸಲ ಹಿತಕಿದಬೇಳೆ ಸಾರು ಮಾಡೋಷ್ಟು ಸಿಕ್ರೂ ಸಾರ್ಥಕ. ಸೆಪ್ಟೆಂಬರ್ ಅಕ್ಟೋಬರಲ್ಲಿ ಈ ಊರಿಗೆ ಜೋರು ಮಳೆ, ಆಗ ಟೊಮ್ಯಾಟೊ ಸಸಿನ ಸೂರಿನ ಕೆಳಗೆ ಮಾಡ್ಕೊಂಡು ಮಳೆ ಕಮ್ಮಿ ಆದ್ಮೇಲೆ ಹೊರಗೆ ನೆಡಿ, ಚಳಿಗಾಲ ಅದಕ್ಕೆ ಚೆನ್ನ. ಮೂಲಂಗಿ, ಬೀಟ್ರೂಟ್, ಪಾಲಕ್, ಬೀನ್ಸೂ ಆಗಲೇ. ಬೇಸಿಗೆಲಿ ದಂಟು, ಗೋಣಿ ಸೊಪ್ಪು, ಮೆಣಸಿನಕಾಯಿ ಉಳಿಸ್ಕೊಂಡು ಉಳಿದ ಬ್ಯಾಗಿನ ಮಣ್ಣನ್ನ ಹೊರಗೆ ಹರಡಿ ಒಂದು ವಾರ ಏಪ್ರಿಲ್ ಬಿಸಿಲಿಗೆ ಒಣಗಿಸಿ, ಬೇರು ಆರಿಸಿ, ಮೂರರಲ್ಲಿ ಒಂದು ಪಾಲು ಹೊಸ ಗೊಬ್ಬರ ಕಲಸಿ ಮತ್ತೆ ತುಂಬಿ. ಮಣ್ಣು ಎಸೆಯೋದೇ ಬೇಡ.

ಇನ್ನು ಎಲ್ಲರೂ ಕೇಳೋದು ಹಬ್ಬಕ್ಕೆ ಊರಿಗೆ ಹೋದಾಗ ಏನು ಮಾಡೋದು ಅಂತ. ಹೋಗೋ ಹಿಂದಿನ ದಿನ ಕೀಳೋದೆಲ್ಲ ಕಿತ್ತುಬಿಡಿ, ಬಲಿತ ಕಾಯಿ ಗಿಡದಲ್ಲಿದ್ರೆ ನೀರು ಜಾಸ್ತಿ ಎಳೆಯುತ್ತೆ. ಬ್ಯಾಗುಗಳನ್ನ ಬಿಸಿಲಿಂದ ಸರಿಸಿ ನೆರಳಿಗೆ ಒತ್ತೊತ್ತಾಗಿ ಇಡಿ, ಒಣ ಎಲೆ ದಪ್ಪಗೆ ಹೊದಿಸಿ. ಮಧ್ಯೆ ಒಂದು ಬಕೆಟ್ ನೀರು ಎತ್ತರದಲ್ಲಿಟ್ಟು ಹಳೇ ಕಾಟನ್ ಬಟ್ಟೆನ ಉದ್ದ ಪಟ್ಟಿ ಹರಿದು ಹಗ್ಗದ ಥರ ಹೊಸೆದು ಒಂದು ತುದಿ ಬಕೆಟ್ ತಳಕ್ಕೆ, ಇನ್ನೊಂದು ತುದಿ ಕುಂಡದ ಮಣ್ಣಿಗೆ ಮೂರಿಂಚು ಆಳಕ್ಕೆ ಇಳಿಸಿ, ಬಟ್ಟೆನ ಮೊದಲೇ ಪೂರ್ತಿ ನೆನೆಸಿರ್ಬೇಕು. ಬಕೆಟಿಗೆ ಸೊಳ್ಳೆ ಹೋಗದಂಗೆ ಮೇಲೆ ಒಂದು ಬಟ್ಟೆ ಕಟ್ಟಿ. ನಾಲ್ಕೈದು ದಿನಕ್ಕೆ ಇದು ಸಾಕು. ಅದಕ್ಕಿಂತ ಜಾಸ್ತಿ ದಿನ ಆದ್ರೆ ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು, ನೀರು ಹಾಕೋಕೆ ಬಂದಾಗ ಮೆಣಸಿನಕಾಯಿ ಸೊಪ್ಪು ಏನಿದ್ಯೋ ಅವರೇ ಕಿತ್ಕೊಳೋಕೆ ಹೇಳಿ, ಆಗ ಬೆಂಡೆನೂ ನಾರಾಗಲ್ಲ.